ಹಡಗಿನ ಕೊಟ್ರಪ್ಪನ ಹೆಂಡತಿ

ಬ್ಯಾಡಗಿಯಿಂದ ಸಮುದ್ರ ನೋಡಬೇಕೆಂದರೆ ಹಾನಗಲ್ಲು ದಾಟಿ, ಶಿರಸಿ ದಾಟಿ, ಘಟ್ಟ ಇಳಿಯಬೇಕು. ಆದರೂ ಮೆಣಸಿನಕಾಯಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಯುದ್ಧನೌಕೆಯ ಹಿಂದುಮುಂದು ಹೇಳಿಬಿಡುತ್ತಾರೆ. ಅದೆಲ್ಲ ಕೊಟ್ರಪ್ಪನ ಕೃಪೆ. ಹರೆಯದಲ್ಲಿ ನೌಕಾಪಡೆ ಸೇರಿ, ಒಂದೇ ಹಡಗಿನ ಎಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ, ಊರಿಗೆ ಬಂದು ದಲಾಲಿ ಅಂಗಡಿಯೊಂದರಲ್ಲಿ ತೂಕ ನೋಡಿಕೊಳ್ಳುವ ಕೆಲಸಕ್ಕೆ ನಿಂತವನು ಅವನು. ನಿಂತದ್ದು ತಕ್ಕಡಿಯ ಮುಂದೆ, ಮಾತು ಮಾತ್ರ ಸದಾ ನೀರಿನ ಮೇಲೆ. ಕಡೆಗೆ ಹಮಾಲರೂ ಚೀಲ ಎತ್ತುವಾಗ ‘ಲಂಗರು ಎತ್ರಿ’ ಅನ್ನತೊಡಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹೆರದೆಯೇ ಅವನಿಗೆ ಆ ಹಡಗು ಅಷ್ಟು ಮುದ್ದು.

ಹಡಗಿಗೂ ವಯಸ್ಸಾಯಿತು. ಅದನ್ನು ದಡಕ್ಕೆ ಎಳೆದು, ಜನ ಹತ್ತಿ ನೋಡುವ ಹಾಗೆ ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದರು. ನಿಲ್ಲಿಸುವುದೇನೋ ಸುಲಭ, ಉಳಿಸುವವರು ಯಾರು? ಉಪ್ಪುಗಾಳಿ ಕಬ್ಬಿಣವನ್ನು ಹಪ್ಪಳ ಮಾಡಿಬಿಡುತ್ತದೆ. ಅದಕ್ಕೆ ಪ್ರತಿ ವರ್ಷ ಮಳೆಗಾಲ ಮುಗಿದದ್ದೇ ಕೊಟ್ರಪ್ಪನಂಥ ಹಳೆಯ ನಾವಿಕರು ಕೆಲವರು ಅಲ್ಲಿ ಕೂಡುತ್ತಾರೆ. ತುಕ್ಕು ಕೆರೆಯುತ್ತಾರೆ, ಕೆಂಪು ಪ್ರೈಮರ್ ಬಳಿಯುತ್ತಾರೆ, ಅದರ ಮೇಲೆ ಬೂದುಬಣ್ಣ ಹೊಡೆಯುತ್ತಾರೆ. ಒಮ್ಮೆ ಗುಜರಿಗೆ ಹಾಕುವ ಮಾತು ಎದ್ದಾಗ ಕೊಟ್ರಪ್ಪ ಕಚೇರಿಯಿಂದ ಕಚೇರಿಗೆ ಅಲೆದ, ಕಂಡವರ ಕಾಲು ಹಿಡಿದ. ಹಡಗು ಉಳಿಯಿತು. ಆ ಸುದ್ದಿ ಬಂದ ದಿನ ಅವನು ಪೇಟೆಯ ತುಂಬ ಪೇಢೆ ಹಂಚಿದ.

ಇಷ್ಟರಲ್ಲಿ ಅವನ ಹೆಂಡತಿ ನೀಲಗಂಗವ್ವ ಏನು ಮಾಡಿದಳು? ರೊಟ್ಟಿ ಬಡಿದಳು. ಅವನು ಹೊರಟಾಗಲೆಲ್ಲ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದಳು, ತಿರುಗಿ ಬಂದಾಗ ಬಣ್ಣ ಹತ್ತಿದ ಅಂಗಿ ಒಗೆದಳು. ನಾನೂ ಒಮ್ಮೆ ಬರುತ್ತೇನೆ ಅಂದರೆ, ಏಣಿ ನೆಟ್ಟಗಿದೆ, ಸೀರೆ ಉಟ್ಟು ಹತ್ತಲು ಬರುವುದಿಲ್ಲ ಅನ್ನುತ್ತಿದ್ದ. ಅವಳು ನಂಬಿದಳು. ಅವನು ಹೇಳಿದ್ದನ್ನು ನಂಬುವುದು ಅವಳಿಗೆ ಉಸಿರಾಡಿದಷ್ಟು ರೂಢಿಯಾಗಿತ್ತು. ಆ ನಂಬಿಕೆಗೆ ಅವಳು ತೆತ್ತಿದ್ದು ಸಣ್ಣ ಬೆಲೆಯಲ್ಲ.

ಅವಳ ಚೊಚ್ಚಲ ಹೆರಿಗೆ ತವರುಮನೆ ಕುಪ್ಪೇಲೂರಿನಲ್ಲಿ ಆಯಿತು. ಹೆಣ್ಣು ಕೂಸು, ನಿರ್ಮಲಾ ಅಂತ ಹೆಸರಿಟ್ಟರು. ತೊಟ್ಟಿಲಿನಿಂದ ಇಳಿಯುವ ಮೊದಲೇ ಕೂಸಿಗೆ ಜ್ವರ ಬಂತು, ಎರಡು ದಿನ ಮೈ ಕಾದು ಹೋಗಿಬಿಟ್ಟಿತು. ಅಣ್ಣ ರುದ್ರಮುನಿ ರಾಣೇಬೆನ್ನೂರಿಗೆ ಓಡಿ ಭಾವನಿಗೆ ತಾರು ಕೊಟ್ಟು ಬಂದ. ಮರುದಿನ ಸಂಜೆಯವರೆಗೆ ಕೂಸನ್ನು ಇಟ್ಟುಕೊಂಡು ಕಾದರು, ಆ ಕಡೆಯಿಂದ ಉತ್ತರವಿಲ್ಲ. ಇವರ ಪೈಕಿಯಲ್ಲಿ ಸತ್ತವರನ್ನು ಹೂಳುತ್ತಾರೆ. ಬಂಧುಗಳೆಲ್ಲ ಒಂದೊಂದು ಹಿಡಿ ಮಣ್ಣು ಕೊಡಬೇಕು. ಮದುವೆಗೆ ಬಾರದವನನ್ನು ಕ್ಷಮಿಸಿಯಾರು, ಮಣ್ಣಿಗೆ ಬಾರದವನನ್ನು ಯಾರೂ ಕ್ಷಮಿಸುವುದಿಲ್ಲ. ತಂದೆ ಇಲ್ಲವೆಂದು ಹಿರಿಯರು ಕೂಸನ್ನು ಸೋದರಮಾವನ ಕೈಗೆ ಕೊಡಲು ಹೋದರು. ನೀಲಗಂಗವ್ವ ಕೊಡಲಿಲ್ಲ. ತಾನೇ ಎತ್ತಿಕೊಂಡು ಅಣ್ಣನ ಹೊಲದ ಬದುವಿನವರೆಗೆ ನಡೆದಳು. ಅಕಾಲದ ಮಳೆ ಹೊಡೆದು ನೆಲವೆಲ್ಲ ರಾಡಿಯಾಗಿತ್ತು. ತನ್ನ ಪಾಲಿನ ಮಣ್ಣು ಕೊಟ್ಟು, ಗಂಡನ ಪಾಲಿನದನ್ನೂ ಅವಳೇ ಕೊಟ್ಟಳು.

ಕೊಟ್ರಪ್ಪ ಬಂದದ್ದು ಬೇಸಿಗೆಯಲ್ಲಿ. ಹಡಗು ನಡುಗಡಲಲ್ಲಿತ್ತು, ತಾರು ಕೈ ಸೇರುವ ಹೊತ್ತಿಗೆ ಎಲ್ಲಾ ಮುಗಿದಿತ್ತು, ಹಡಗನ್ನು ಬಸ್ಸಿನ ಹಾಗೆ ನಿಲ್ಲಿಸಿ ಇಳಿಯಲು ಬರುತ್ತದೆಯೇ ಅಂದ. ಅವಳು ಅತ್ತಳು, ಒಪ್ಪಿದಳು. ರುದ್ರಮುನಿ ಒಪ್ಪಲಿಲ್ಲ. ಅವನದು ಮೂಗಿನ ತುದಿಯ ಸಿಟ್ಟು. ಊಟಕ್ಕೆ ಕುಳಿತ ಭಾವನ ಮುಂದಿನ ತಾಟು ಎಳೆದುಕೊಂಡು, “ಮಣ್ಣಿಗೆ ಬಾರದವಗ ನಮ್ಮನ್ಯಾಗ ಕೂಳಿಲ್ಲ” ಅಂದ. ಅವಳು ಗಂಡನ ಜೊತೆಗೇ ಎದ್ದಳು. ಈ ಮನೆಯ ನೀರು ಇನ್ನು ಮುಟ್ಟುವುದಿಲ್ಲ ಎಂದು ಹೊಸ್ತಿಲ ಮೇಲೆ ನಿಂತು ಆಣೆ ಮಾಡಿ ಬಂದಳು. ಮುಂದೆ ಮಗ ಸುನೀಲಕುಮಾರ ಹುಟ್ಟಿದ, ಬೆಳೆದ, ಹಾವೇರಿಯಲ್ಲಿ ಔಷಧಿ ಅಂಗಡಿ ಇಟ್ಟ. ಸೋದರಮಾವನ ಮುಖ ಅವನು ನೋಡಲೇ ಇಲ್ಲ. ಕೆಲವು ವರ್ಷಗಳ ಹಿಂದೆ ರುದ್ರಮುನಿ ತೀರಿಕೊಂಡಾಗ ಅತ್ತಿಗೆ ಪ್ರೇಮವ್ವನ ಫೋನು ಬಂತು. ನೀಲಗಂಗವ್ವ ಸೀರೆ ಬದಲಿಸಿ ನಿಂತಳು. ಕೊಟ್ರಪ್ಪ ನಿನ್ನ ಇಚ್ಛೆ ಅಂದು ಗೋಡೆಯ ಕಡೆ ಹೊರಳಿ ಮಲಗಿದ. ಅವನ ಆ ಬೆನ್ನನ್ನು ನೋಡಿ ಅವಳು ಹೋಗಲಿಲ್ಲ.

ಈ ಸಲ ಪೇಟೆಯ ಹಂಗಾಮು ಮುಗಿದ ಮೇಲೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರೆಲ್ಲ ಗೋಕರ್ಣಕ್ಕೆ ಹೋಗುವುದೆಂದಾಯಿತು. ಅವರ ಮುಖಂಡಿ ಫಕ್ಕೀರವ್ವ. ಅವಳಿಗೆ ಒಂದು ಹೊಳೆದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಿಸಲಾರ. ಅಷ್ಟು ದೂರ ಹೋಗಿ, ಅಲ್ಲೇ ಹತ್ತಿರದ ದಡದಲ್ಲಿರುವ ಕೊಟ್ರಪ್ಪಣ್ಣನ ಹಡಗು ನೋಡದೆ ಬರುವುದೇ ಅಂದಳು. ರಾಣೇಬೆನ್ನೂರಿನ ಮಹಮ್ಮದಗೌಸನ ಟೆಂಪೊ ಗೊತ್ತು ಮಾಡಿದರು. ಕೊಟ್ರಪ್ಪ ಮೊಣಕಾಲು ನೋವು ಅಂದ, ಬಿಸಿಲು ಅಂದ. ಊರಿಗೆಲ್ಲ ಹಡಗಿನ ಕಥೆ ಹೇಳಿದವನು ತಪ್ಪಿಸಿಕೊಳ್ಳುವುದಾದರೂ ಹೇಗೆ? ಹೊರಟ. ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಸಂತೋಷಕ್ಕೆ ಮಾತು ಕಟ್ಟಿದೆ ಅಂದುಕೊಂಡಳು ಪಾಪ ನೀಲಗಂಗವ್ವ.

ಗೋಕರ್ಣದಲ್ಲಿ ಉಳಿದು ಮರುದಿನ ಬೆಳಿಗ್ಗೆ ಹಡಗಿಗೆ ಬಂದರು. ಬಿಸಿಲಿಗೆ ಮಿಂಚುವ ಬೂದುಬಣ್ಣ ನೋಡಿ ಅವಳಿಗೆ ಹೆಮ್ಮೆಯೆನಿಸಿತು. ಅದರಲ್ಲಿ ತನ್ನ ರೊಟ್ಟಿಯ ಪಾಲೂ ಇದೆ ಅನ್ನಿಸಿತು. ಹೆಂಗಸರು ಸೀರೆ ಎತ್ತಿ ಕಟ್ಟಿ ಹತ್ತಿಯೇಬಿಟ್ಟರು. ಭತ್ತದ ಕಣಜ ಹತ್ತಿಳಿಯುವವರಿಗೆ ಅದು ಯಾವ ಲೆಕ್ಕ? ಫಕ್ಕೀರವ್ವನಿಗೆ ಮಾತ್ರ ಮೇಲೆ ಹೋದದ್ದೇ ತಲೆ ತಿರುಗಿ, ಅವಳು ಫಿರಂಗಿಯ ಬುಡದಲ್ಲಿ ಕುಳಿತುಬಿಟ್ಟಳು. ಕೊಟ್ರಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದು ಬಿಡಲೊಲ್ಲಳು. ಕೆಳಗಿನ ಅಂತಸ್ತು ತೋರಿಸಲು ಬಂದವನು ಹಡಗು ನೋಡಿಕೊಳ್ಳುವ ರಮಜಾನ. ಹಾವೇರಿಯವನು, ಇದೇ ಹಡಗಿನಲ್ಲಿ ಕೊಟ್ರಪ್ಪನ ಜೊತೆಗಿದ್ದವನು. ಗೆಳೆಯನ ಹೆಂಡತಿ ಎಂದು ತಿಳಿದದ್ದೇ ಅವನ ಮುಖ ಅರಳಿತು. ನೀಲಗಂಗವ್ವ ಅವನ ಹಿಂದೆ ಇಳಿದಳು. ಕೊಟ್ರಪ್ಪ ಮೇಲಿನಿಂದ ಹೆಸರು ಹಿಡಿದು ಕರೆದ, ನಿಲ್ಲು ನಾನೂ ಬರುತ್ತೇನೆ ಅಂದ. ಗಾಳಿಯ ಸದ್ದಿಗೆ ಅದು ಅವಳಿಗೆ ಕೇಳಲಿಲ್ಲ.

ಒಂದರ ಮೇಲೊಂದು ಮೂರು ಕಬ್ಬಿಣದ ಮಂಚ, ನಡುವಿನದು ಕೊಟ್ರಪ್ಪನದು ಎಂದು ರಮಜಾನ ತೋರಿಸಿದ. ಅವಳು ಅದರ ಮೇಲೆ ಕೈಯಾಡಿಸಿದಳು. ಇಷ್ಟೇ ಇಷ್ಟು ಜಾಗದಲ್ಲಿ ಮೈ ಮುದುಡಿಕೊಂಡು ನನ್ನ ಗಂಡ ಮಲಗುತ್ತಿದ್ದನಲ್ಲ ಎಂದು ಕಣ್ಣು ತುಂಬಿ ಬಂತು. ಅದನ್ನು ನೋಡಿ ರಮಜಾನನ ದನಿಯೂ ಮೆತ್ತಗಾಯಿತು.

“ವೈನಿ, ನಿಮ್ಮ ಋಣಾ ನನ್ನ ಮ್ಯಾಲೈತಿ. ನನ್ನ ತಂಗಿ ಲಗ್ನಕ್ಕ ನಾ ಹೋಗಿದ್ದು ಕೊಟ್ರಪ್ಪನ ಪಾಳಿ ರಜಾದಾಗ.”

ಅವನು ಖುಷಿಯಿಂದ ಹೇಳುತ್ತ ಹೋದ. ಆ ಚಳಿಗಾಲದಲ್ಲಿ ಹಡಗಿಗೆ ದೊಡ್ಡ ರಿಪೇರಿ. ಮುಂಬೈ ಡಾಕ್‌ಯಾರ್ಡಿನ ಹೊಂಡದಲ್ಲಿ ನೀರೆಲ್ಲ ಖಾಲಿ ಮಾಡಿ, ಹಡಗನ್ನು ದಿಮ್ಮಿಗಳ ಮೇಲೆ ಕೂಡಿಸಿದ್ದರು. ದೀಪಾವಳಿಯಿಂದ ಯುಗಾದಿಯವರೆಗೆ ಅದು ಹನಿ ನೀರು ಮುಟ್ಟಲಿಲ್ಲ. ಸರದಿಯ ಮೇಲೆ ಎಲ್ಲರೂ ಊರಿಗೆ ಹೋಗಿ ಬಂದರು. ಕೊಟ್ರಪ್ಪ ಮಾತ್ರ ತನ್ನ ಸರದಿ ಬಿಟ್ಟುಕೊಟ್ಟ.

ಅದು ಯಾವ ವರ್ಷ ಎಂದು ಅವಳು ಕೇಳಿದಳು.

“ಬ್ಯಾಡಗಿ ಪೇಟ್ಯಾಗ ಅಕಾಲ ಮಳಿ ಹೊಡದು ಕಾಯೆಲ್ಲಾ ಕರ್ರಗಾಗಿದ್ವಲ್ಲ, ಆ ವರ್ಷ. ಲಗ್ನದ ಅಡಗಿಗೆ ಛಲೋ ಕಾಯಿ ಸಿಗವಲ್ದು ಅಂತ ನಮ್ಮವ್ವ ಒದ್ದಾಡಿದ್ಲು. ಆವಾಗs ಇವಗೊಂದು ತಾರು ಬಂದಿತ್ತು. ಏನಪಾ ಅಂತ ಕೇಳಿದೆ. ಮನ್ಯಾಗ ಒಂದು ಕರು ಸತ್ತೈತಿ, ಅಷ್ಟಕ್ಕ ಯಾರು ಹೋಗ್ತಾರ, ನೀನs ಹೋಗು ಅಂದ.”

ನೀಲಗಂಗವ್ವ ಮಂಚದ ಸರಪಳಿ ಹಿಡಿದುಕೊಂಡಳು. ನಡುಗಡಲಿಲ್ಲ. ಕಡಲೇ ಇಲ್ಲ. ಒಂದು ರಾತ್ರಿ ಒಂದು ಹಗಲಿನ ರೈಲು ದಾರಿಯಷ್ಟು ದೂರದಲ್ಲಿ, ರಜೆಯನ್ನು ಕೈಯಲ್ಲಿಟ್ಟುಕೊಂಡು, ಅವನು ಈ ಮಂಚದ ಮೇಲೆ ಮಲಗಿದ್ದ. ಅವಳು ರಾಡಿಯಲ್ಲಿ ಕಾಲು ಹೂತುಕೊಂಡು ಅವನ ಪಾಲಿನ ಮಣ್ಣು ಕೊಡುವಾಗ ಮಲಗಿದ್ದ. ನಂಬಿಸಿ ಕುತ್ತಿಗೆ ಕೊಯ್ಯುವುದು ಅನ್ನುತ್ತಾರೆ, ಆದರೆ ಕೊಯ್ಯುವವನು ಹಗೆಯವನಾಗಿರುತ್ತಾನೆ ಎಂದೇ ಅವಳು ತಿಳಿದಿದ್ದಳು. ಸಿಟ್ಟಿಗಿಂತ ಮೊದಲು ಅವಳಿಗೆ ನಾಚಿಕೆಯಾಯಿತು. ಅಣ್ಣ ಖರೇ ಹೇಳಿದ್ದ. ಅವಳು ಅವನ ಬಾಯಿ ಮುಚ್ಚಿಸಿದ್ದಳು. ಅದೂ ಸಾಲದೆ, ಅವನು ಸತ್ತಾಗ ಮನೆಯಲ್ಲಿ ಕುಳಿತಿದ್ದಳು.

 ತಂಗಿ ಚೆನ್ನಾಗಿದ್ದಾಳೆಯೇ ಎಂದು ರಮಜಾನನನ್ನು ಕೇಳಿದಳು. ಮೊಮ್ಮಕ್ಕಳ ಮದುವೆಯೂ ಆಯಿತು ಅಂದ. ಒಳ್ಳೆಯದಾಯಿತು ಅಂದಳು. ಏಣಿ ಹತ್ತಿ ಮೇಲೆ ಬಂದಾಗ ಕೊಟ್ರಪ್ಪ ಅವಳ ಮುಖ ನೋಡಿದ. ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು. ಇಷ್ಟು ವರ್ಷ ತುಕ್ಕು ಕೆರೆದು, ಬಣ್ಣ ಹೊಡೆದು ಆ ಮಂಚ ಕೆಡದ ಹಾಗೆ ಕಾಯ್ದವನು ಅವನೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಘಟ್ಟ ಹತ್ತುವಾಗ ಹೆಂಗಸರು ಹಾಡಿದರು. ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಬ್ಯಾಡಗಿ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಎಲ್ಲರೂ ಗಂಟುಮೂಟೆ ಎಣಿಸಿಕೊಂಡು ಇಳಿದು ಮನೆಗಳ ದಾರಿ ಹಿಡಿದರು. ಕೊಟ್ರಪ್ಪ ಚೀಲ ಹಿಡಿದು ಕೆಳಗೆ ನಿಂತ. ನೀಲಗಂಗವ್ವ ಏಳಲಿಲ್ಲ. ಗಾಡಿ ರಾಣೇಬೆನ್ನೂರಿಗೆ ಖಾಲಿ ಹೋಗುತ್ತದಲ್ಲ, ನನ್ನನ್ನು ಅಲ್ಲಿಯ ಬಸ್‌ಸ್ಟ್ಯಾಂಡಿಗೆ ಬಿಡಪ್ಪಾ ಎಂದು ಮಹಮ್ಮದಗೌಸನಿಗೆ ಹೇಳಿದಳು. ಅವನು ಗಂಡಹೆಂಡಿರ ಮುಖ ನೋಡಿ, ಚಹಾ ಕುಡಿದು ಬರುತ್ತೇನೆಂದು ಇಳಿದು ಹೋದ.

ಕೊಟ್ರಪ್ಪ ಕಿಟಕಿಯ ಹತ್ತಿರ ಬಂದ.  ಸರಳು ಹಿಡಿದು ಹೇಳಿದ. “ಧೈರ್ಯ ಆಗಲಿಲ್ಲ, ನೀಲಾ. ಸತ್ತ ಕೂಸಿನ ಮುಖಾ ನೋಡೂ ಧೈರ್ಯ ನನಗ ಆಗಲಿಲ್ಲ.”

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅದರಿಂದ ಏನೂ ಹಗುರಾಗಲಿಲ್ಲ.

“ನನಗೂ ಇರಲಿಲ್ರಿ. ಆದ್ರ ಯಾರರೆ ಎತ್ಕೊಂಡು ಹೋಗಬೇಕಿತ್ತಲ್ಲ.”

ಮನೆಗೆ ನಡೆ, ಕುಳಿತು ಮಾತಾಡೋಣ, ಬೇಕಾದರೆ ನಾಲ್ಕು ಜನರ ಮುಂದೆ ಬೈಯಿ ಎಂದು ಅವನು ಬೇಡಿಕೊಂಡ. ಈ ಹೊತ್ತಿನಲ್ಲಿ ಒಬ್ಬಳೇ ಎಲ್ಲಿಗೆ ಹೋಗುತ್ತೀ ಎಂದು ಕೇಳಿದ. ಮಹಮ್ಮದಗೌಸ ಬಂದು ಗಾಡಿ ಚಾಲೂ ಮಾಡಿದ.

“ಕುಪ್ಪೇಲೂರಿಗೆ,” ಅಂದಳು ನೀಲಗಂಗವ್ವ. “ನಿಮ್ಮನ್ನ ನಂಬಿ ನಾನೂ ಒಂದು ಮಣ್ಣಿಗೆ ಹೋಗಿಲ್ಲ.”