ಹೂವು ನನಗೆ, ನಗು ಲವೀನಾಗೆ

೨೦೧೪ರ ಮಾತು. ಮೈಸೂರಿನ ಕಾನ್ವೆಂಟಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದ್ದ ನಾನು ಗಂಡನ ಕೆಲಸದಿಂದಾಗಿ ಸಿಡ್ನಿಯ ಕೆಲ್ಲಿವಿಲ್‌ಗೆ ಬಂದಿದ್ದೆ. ಅಲ್ಲಿ ಒಂದು ಸಣ್ಣ ಕಾಲೇಜಿನಲ್ಲಿ ಥಾಯ್ಲೆಂಡಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುವ ಕೆಲಸ ಸಿಕ್ಕಿತು. ಅವರ ಬಾಯಲ್ಲಿ ಪದದ ಕೊನೆಯ ಅಕ್ಷರ ನಿಲ್ಲುವುದೇ ಇಲ್ಲ. ‘ರೈಸ್’ ಅನ್ನುವುದು ‘ರೈ’ ಆಗಿಬಿಡುತ್ತದೆ. ನಾನು ಹೇಳಿಕೊಟ್ಟರೆ ಭಕ್ತಿಯಿಂದ ಕೇಳುತ್ತಿದ್ದರು. ‘ಈಗ ನೀವು ಹೇಳಿ’ ಎಂದರೆ ತಲೆ ತಗ್ಗಿಸಿ ಮುಗುಳ್ನಗುತ್ತಿದ್ದರು, ಅಷ್ಟೇ.

ಪಕ್ಕದ ಕ್ಲಾಸಿಗೆ ಹೊಸ ಟೀಚರಾಗಿ ಲವೀನಾ ಬಂದಳು. ಮಂಗಳೂರಿನವಳು, ನನಗಿಂತ ಎಷ್ಟೋ ಚಿಕ್ಕವಳು, ಪಾಠ ಮಾಡಿ ಅನುಭವವೂ ಇಲ್ಲ. ಆದರೆ ಅವಳ ಕ್ಲಾಸಿನ ನಗು ಗೋಡೆ ದಾಟಿ ಬರುತ್ತಿತ್ತು. ಅವಳು ಥಾಯ್ ಪದ ಹೇಳಲು ಹೋಗಿ ಎಡವುವುದಂತೆ, ಅವರು ತಿದ್ದುವುದಂತೆ! ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಮನೆಯಲ್ಲಿ ಅವಳ ನೆನಪಾದರೆ ಸಾಕು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. “ಮೇಷ್ಟ್ರಮ್ಮಂಗೆ ಜೆಲಸಿ ಶುರುವಾಯ್ತು,” ಎಂದು ನಮ್ಮೆಜಮಾನರು ಕಿಚಾಯಿಸುತ್ತಿದ್ದರು.

ಟರ್ಮ್ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು, ಮುಂದೆ ಉಚ್ಚಾರಣೆಗೆ ಒಬ್ಬರೇ ಟೀಚರ್ ಸಾಕು, ಯಾರು ಬೇಕೆಂದು ವಿದ್ಯಾರ್ಥಿಗಳೇ ಹೇಳಲಿ ಎಂದರು. ಎಲ್ಲರೂ ಲವೀನಾ ಎಂದರು. ನನ್ನ ಕ್ಲಾಸಿನವರೂ.

ಕೊನೆಯ ದಿನ ನನ್ನ ವಿದ್ಯಾರ್ಥಿಗಳು ಹೂವಿನ ತಟ್ಟೆ ಹಿಡಿದು ಬಂದರು. ನನ್ನ ಮುಂದೆ ಮಂಡಿಯೂರಿ, ಕೈಮುಗಿದು, ನೆಲ ಮುಟ್ಟುವಂತೆ ಬಾಗಿದರು. ಅವರ ಊರಿನಲ್ಲಿ ಗುರುಗಳಿಗೆ ಹೀಗೆ ನಮಸ್ಕರಿಸುವ ಪದ್ಧತಿಯಂತೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

“ಇಷ್ಟು ಗೌರವ ಇದ್ರೆ ನನ್ನ ಯಾಕೆ ಬಿಟ್ರಿ?” ಎಂದು ಕೇಳಿಯೇಬಿಟ್ಟೆ.

ನೊಕ್ ಎಂಬ ಹುಡುಗಿ ತಲೆ ಎತ್ತದೆ ತಡವರಿಸಿ ಹೇಳಿದಳು: “ನೀವು ಗುರು, ಟೀಚರ್. ನಿಮ್ಮ ಮುಂದೆ ತಪ್ಪು ಹೇಳೋಕೆ ಭಯ. ಲವೀನಾ ಆದ್ರೆ ಅಕ್ಕನ ಥರ. ಅಲ್ಲಿ ಎಷ್ಟು ತಪ್ಪಿದ್ರೂ ನಡೆಯುತ್ತೆ.”

ಬಾಯಿಬಿಟ್ಟು ತಪ್ಪು ಹೇಳದೆ ಉಚ್ಚಾರಣೆ ಕಲಿಯುವುದಾದರೂ ಹೇಗೆ?

ಬಾಗಿಲಲ್ಲಿ ನಿಂತಿದ್ದ ಲವೀನಾ, “ಎಂಥ ಮಾರಾಯ್ರೆ, ನಂಗೆ ಒಂದು ಹೂ ಸಹ ಇಲ್ಲ!” ಎಂದಳು. ತಮಾಷೆಗೇ ಅಂದಿರಬೇಕು. ಆದರೆ ಅವಳ ಕಣ್ಣು ತಟ್ಟೆಯ ಮೇಲೇ ಇತ್ತು, ಅದನ್ನು ಕಂಡು ನನಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಬೇರೆ ಕಡೆ ಥಾಯ್ ವಿದ್ಯಾರ್ಥಿಗಳಿಗೇ ಕಲಿಸುವ ಕೆಲಸ ಸಿಕ್ಕಿತು. ಈಗ ಪ್ರತಿ ಟರ್ಮಿನ ಮೊದಲ ದಿನವೇ ನಾನೂ ಒಂದು ಥಾಯ್ ಪದವನ್ನು ಹೇಗೆ ಹೇಗೋ ಹೇಳಿ ಎಲ್ಲರನ್ನೂ ನಗಿಸುತ್ತೇನೆ. ಆದರೆ ಅಂದು ಹೂವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ, ನನ್ನ ವಿದ್ಯಾರ್ಥಿಗಳು ಲವೀನಾಳ ಕೈ ಎಳೆದುಕೊಂಡು ಊಟಕ್ಕೆ ಹೊರಟದ್ದು ಕಿಟಕಿಯಿಂದ ಕಂಡಿತ್ತು. ನೊಕ್ ಜೋರಾಗಿ ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.