ಚುಕ್ಕಿ ಅಕ್ಕ ಕಳೆದುಕೊಂಡ ಪಾಠ

ಕಣ್ಣು ಕಾಣದ ಮಕ್ಕಳ ಶಾಲೆಯ ಹಿಂಬದಿಯ ಕೋಣೆಯಲ್ಲಿ ಹದಿನಾಲ್ಕು ವರ್ಷ ಕುಳಿತು ಪಠ್ಯಪುಸ್ತಕಗಳನ್ನು ಬ್ರೈಲ್‌ಗೆ ಇಳಿಸಿದವಳನ್ನು ಮಕ್ಕಳು ಚುಕ್ಕಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಪಾಠವನ್ನು ಟೈಪು ಮಾಡಿದರೆ ಕಂಪ್ಯೂಟರು ಅದನ್ನು ಚುಕ್ಕಿಗಳಾಗಿ ಬದಲಿಸುತ್ತಿತ್ತು. ಪಕ್ಕದ ಯಂತ್ರ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು ಮಾಡುತ್ತ ಆ ಚುಕ್ಕಿಗಳನ್ನು ದಪ್ಪ ಹಾಳೆಯ ಮೇಲೆ ಒತ್ತುತ್ತಿತ್ತು. ಟೈಪು ಮಾಡುವುದು ದೊಡ್ಡ ಮಾತಲ್ಲ. ಚಿತ್ರಗಳು ಬಂದಾಗಲೇ ಕಷ್ಟ. ಹೃದಯದ ಚಿತ್ರವನ್ನೋ ವಿದ್ಯುತ್ ಮಂಡಲವನ್ನೋ ಬೆರಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಆ ಮಾತು ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ. ಅದು ಅವಳು ತಲೆ ಕೆರೆದುಕೊಂಡು ಹುಟ್ಟಿಸಿದ್ದು.

ಆ ವರ್ಷ ಹತ್ತನೇ ತರಗತಿಗೆ ಹೊಸ ವಿಜ್ಞಾನ ಪುಸ್ತಕ ಬಂದಿತ್ತು. ಹದಿನೆಂಟು ಪಾಠ. ಎಲ್ಲ ತಿದ್ದಿ ಮುಗಿಸಿದ ಮೇಲೆ ಒಟ್ಟಿಗೆ ಒತ್ತಿಸೋಣವೆಂದು ಅವಳು ಕಾದಿದ್ದಳು. ಪರೀಕ್ಷೆಗೆ ಇಪ್ಪತ್ತನಾಲ್ಕು ದಿನ ಉಳಿದಿತ್ತು.

ಕಂಪ್ಯೂಟರು ಒಂದು ತಿಂಗಳಿಂದ ಮುನ್ಸೂಚನೆ ಕೊಡುತ್ತಲೇ ಇತ್ತು. ಒಂದು ದಿನ ತೆರೆದ ಫೈಲಿನಲ್ಲಿ ಅರ್ಧ ಪುಟ ಬರೀ ಚೌಕಗಳು. ಇನ್ನೊಂದು ದಿನ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಶುರುವಾಗುವಾಗೆಲ್ಲ ಡಿಸ್ಕನ್ನು ಪರೀಕ್ಷಿಸಬೇಕು ಎಂದು ಕೇಳುತ್ತಿತ್ತು. ಒಂದು ಗಂಟೆ ಯಾರು ಕಾಯುತ್ತಾರೆಂದು ಅವಳು ಗುಂಡಿ ಒತ್ತಿ ಅದನ್ನು ದಾಟಿಸುತ್ತಿದ್ದಳು. ಮಿಸುಕದೆ ನಿಂತಾಗ ಪವರ್ ಗುಂಡಿಯನ್ನು ಅದುಮಿ ಹಿಡಿದು ಆರಿಸುತ್ತಿದ್ದಳು. ಕರೆಂಟು ಹೋದಾಗ ಕಂಪ್ಯೂಟರನ್ನು ಆರದಂತೆ ನೋಡಿಕೊಳ್ಳುವ ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಬೇರೆ ಕಡೆ ಒಂದು ನಕಲು ಇಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು, ನಾಳೆ ಎನ್ನುತ್ತಿದ್ದಳು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಅವಳು ಪಾಠವೊಂದನ್ನು ಸೇವ್ ಮಾಡುತ್ತಿರುವಾಗಲೇ ಕರೆಂಟು ಹೋಗಿ ಮರುಕ್ಷಣ ಬಂತು. ಕಂಪ್ಯೂಟರು ಮತ್ತೆ ಎದ್ದಾಗ ಪಾಠಗಳಿದ್ದ ಭಾಗವನ್ನು ತೆರೆಯಲಿಲ್ಲ. ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಅಂದರೆ ಒಳಗಿರುವುದನ್ನೆಲ್ಲ ಅಳಿಸಬೇಕು, ಮಾಡಲೇ ಎಂದು ಕೇಳಿತು.

ಗಾಬರಿಯಲ್ಲಿ ಫೋನು ಮಾಡಿದ್ದು ಮೈದುನನಿಗೆ. ಅವನು ಮೊಬೈಲು ಮಾರುವವನು, ಮನೆಯವರ ಲೆಕ್ಕದಲ್ಲಿ ಎಲ್ಲ ಯಂತ್ರಕ್ಕೂ ಅವನೇ ವೈದ್ಯ. ಊಟದ ಹೊತ್ತಿಗೆ ಬಂದ.

"ಅತ್ತಿಗೆ, ಫಾರ್ಮ್ಯಾಟ್ ಒತ್ತಲಿಲ್ಲ ತಾನೇ?"

"ಇಲ್ಲಪ್ಪ, ಮುಟ್ಟೇ ಇಲ್ಲ."

"ಬದುಕಿದ್ವಿ ಬಿಡಿ. ಇದಕ್ಕೆ ರಿಪೇರಿ ಅಂತ ಒಂದಿದೆ, ಅದನ್ನ ಓಡಿಸ್ತೀನಿ."

ಓಡಿಸಿದ. ಎರಡು ಗಂಟೆ ಟಿಕ್ ಟಿಕ್ ಎಂದು ಒದ್ದಾಡಿ ಡಿಸ್ಕು ತೆರೆಯಿತು. ಒಳಗೆ ಪಾಠಗಳ ಹೆಸರೇ ಇರಲಿಲ್ಲ. ಬದಲಿಗೆ ಬರೀ ಸಂಖ್ಯೆ ಹೊತ್ತ ಸಾವಿರಾರು ತುಣುಕುಗಳು. ಒಂದನ್ನು ತೆರೆದರೆ ಮೂತ್ರಪಿಂಡದ ನಡುವೆ ಆಮ್ಲಗಳು, ಇನ್ನೊಂದರಲ್ಲಿ ಏನೂ ಇಲ್ಲ. ಮೈದುನ ತಲೆ ತಗ್ಗಿಸಿ ಕುಳಿತ. ಅವಳು ಅವನನ್ನು ಬೈಯಲಿಲ್ಲ. ಬೈಯಬೇಕಾದ್ದು ಯಾರನ್ನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಕಂಪ್ಯೂಟರಿನ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದಳು. ಡಿಸ್ಕು ರಿಪೇರಿಯ ಅಂಗಡಿಯವರು ಬೊಕ್ಕತಲೆಯ, ನಿಧಾನದ ಮನುಷ್ಯ. ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿ, ಕಿವಿಯ ಹತ್ತಿರ ಹಿಡಿದು ಸದ್ದು ಆಲಿಸಿದರು, ಒಳಗಿನ ತುಣುಕುಗಳನ್ನು ನೋಡಿದರು.

"ಯಾರಮ್ಮ ಇದಕ್ಕೆ ರಿಪೇರಿ ಓಡಿಸಿದ್ದು?"

"ನಮ್ಮ ಮೈದುನ."

"ಒಳ್ಳೇದು ಮಾಡೋಕೆ ಹೋಗಿದಾರೆ. ನೋಡಿ, ಯಾವ ಫೈಲು ಎಲ್ಲಿದೆ ಅಂತ ಡಿಸ್ಕಿನೊಳಗೆ ಒಂದು ಪಟ್ಟಿ ಇರುತ್ತೆ. ನಿಮ್ಮದು ಹರಿದಿತ್ತು ಅಷ್ಟೆ, ಪಾಠ ಎಲ್ಲ ಒಳಗೇ ಇತ್ತು. ಇಂಥ ಸದ್ದು ಬಂದ ಡಿಸ್ಕನ್ನ ಮೊದಲು ಇದ್ದ ಹಾಗೇ ನಕಲು ತೆಗೀಬೇಕು. ರಿಪೇರಿ ಏನಿದ್ರೂ ಆ ನಕಲಿನ ಮೇಲೆ. ನೀವು ಹರಿದ ಪಟ್ಟಿ ನಂಬಿ ಪುಸ್ತಕಾನೇ ಕತ್ತರಿಸಿಬಿಟ್ರಿ."

"ಏನೂ ಸಿಗಲ್ವಾ?"

"ಸಿಕ್ಕಷ್ಟು ಸಿಗುತ್ತೆ. ಆಸೆ ಇಟ್ಕೋಬೇಡಿ ಅಂತ ಹೇಳಲ್ಲ, ಜಾಸ್ತಿ ಇಟ್ಕೋಬೇಡಿ."

ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನೇ ಹಂಗಿಸಿಕೊಂಡಳು. ಶಾಲೆಯ ಅಂಗಳ ದಾಟುವಾಗ ಮಕ್ಕಳು ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ, "ಅಕ್ಕ, ವಿಜ್ಞಾನ ಯಾವಾಗ?" ಎಂದು ಕೇಳುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಯ ಪಕ್ಕದಲ್ಲಿ ಕಳ್ಳಿಯ ಹಾಗೆ ನಡೆದುಹೋದಳು.

ಸೋಮವಾರ ಅಂಗಡಿಯವರು ಹೊಸ ಡಿಸ್ಕೊಂದನ್ನು ಕೈಗಿಟ್ಟರು. ಹದಿಮೂರು ಪಾಠ ಇಡಿಯಾಗಿ ಸಿಕ್ಕಿತ್ತು, ನಾಲ್ಕು ಹರಕು ಮುರುಕು. ಒಂದರ ಸುಳಿವೇ ಇರಲಿಲ್ಲ. ಅದು ಬೆಳಕಿನ ಪಾಠ.

ಬೆಳಕನ್ನೇ ಕಾಣದವರಿಗೆ ಬೆಳಕು ಹೇಗೆ ಬಾಗುತ್ತದೆ, ಕನ್ನಡಿಯಿಂದ ಹೇಗೆ ತಿರುಗುತ್ತದೆ ಎಂದು ಹೇಳಲು ಅವಳು ಮೂರು ತಿಂಗಳು ಹೆಣಗಿದ್ದಳು. ಗೋಡೆಗೆ ಬಡಿದು ಪುಟಿಯುವ ಚೆಂಡು, ನೀರೊಳಗೆ ಇಳಿಯುವಾಗ ಕಾಲಿಗೆ ತಿಳಿಯುವ ತಡೆ, ಹೀಗೆ ಏನೇನೋ ಹೋಲಿಕೆ ತಂದಿದ್ದಳು. ಮಕ್ಕಳ ಮುಂದೆ ಓದಿ, ಅವರು ತಲೆಯಾಡಿಸುವವರೆಗೂ ತಿದ್ದಿದ್ದಳು. ಜೀವಮಾನದಲ್ಲಿ ತಾನು ಮಾಡಿದ ಒಂದು ಒಳ್ಳೆಯ ಕೆಲಸ ಎಂದು ಅವಳು ಯಾರಿಗೂ ಹೇಳದೆ ನಂಬಿದ್ದದ್ದು ಆ ಹತ್ತೊಂಬತ್ತು ಪುಟಗಳನ್ನು.

ಹರಕು ಪಾಠಗಳನ್ನು ಹೊಲಿಯುವಷ್ಟರಲ್ಲಿ ಹತ್ತು ದಿನ ಕಳೆದವು. ಗಂಡ ರಜೆ ಹಾಕಿ ಪಕ್ಕದಲ್ಲಿ ಕುಳಿತು ಪುಸ್ತಕ ಓದಿ ಹೇಳಿದ, ಅವಳು ಟೈಪು ಮಾಡಿದಳು. ಒತ್ತಿಸಿ ಮಕ್ಕಳ ಕೈಗಿಟ್ಟು ಅವರು ಓದಲು ಒಂದು ವಾರವಾದರೂ ಬೇಕಿದ್ದರಿಂದ ಬೆಳಕಿನ ಪಾಠಕ್ಕೆ ಉಳಿದದ್ದು ಎರಡೇ ದಿನ.

"ಹಿಂದೆ ಹೇಗೆ ಬರೆದಿದ್ದೆಯೋ ಹಾಗೇ ಬರಿಯೇ," ಎಂದ ಗಂಡ.

"ನೆನಪಾಗ್ತಿಲ್ಲ ರೀ. ಒಂದು ಸಾಲೂ ನೆನಪಾಗ್ತಿಲ್ಲ."

ಕೊನೆಗೆ ಪುಸ್ತಕದಲ್ಲಿದ್ದದ್ದನ್ನೇ ಬರೆದು, ಚಿತ್ರಗಳಿಗೆ ಎರಡೆರಡು ಸಾಲು ಸೇರಿಸಿ ಒತ್ತಿಸಿದಳು. ಕೈ ಒತ್ತಿಸಿತು, ಮನಸ್ಸು ಒಪ್ಪಲಿಲ್ಲ.

ಪರೀಕ್ಷೆಯ ದಿನ ಗೇಟಿನ ಬಳಿ ನಿಂತಿದ್ದಳು. ಹನ್ನೊಂದು ಮಕ್ಕಳು ಹೊರಬಂದರು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ ಅವಳ ಸದ್ದು ಹಿಡಿದು ಹತ್ತಿರ ಬಂದಳು.

"ಚೆನ್ನಾಗಿತ್ತಕ್ಕ. ಕನ್ನಡಿಯದೊಂದು ಬಿಟ್ಟೆ. ಮುಂಚೆ ನೀವು ಓದಿದಾಗ ಅರ್ಥ ಆಗಿತ್ತು, ಈ ಸಲ ಆಗಲಿಲ್ಲ."

ದೂರುವ ದನಿಯೇನಲ್ಲ ಅದು. ಚುಕ್ಕಿ ಅಕ್ಕ ಆ ಹುಡುಗಿಯ ಕೈ ಹಿಡಿದುಕೊಂಡು, ಬಸ್ಸು ಬರುವವರೆಗೂ ಹಾಗೇ ನಿಂತಳು.

ಎಲ್ಲರೂ ಪಾಸಾದರು. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು. ಪ್ರತಿ ಶನಿವಾರ ಅವಳು ವಾರದ ಕೆಲಸವನ್ನು ಎರಡು ಕಡೆ ನಕಲಿಸಿ, ಒಂದನ್ನು ಮನೆಗೆ ಒಯ್ದು, ನಿಜಕ್ಕೂ ತೆರೆಯುತ್ತದೆಯೇ ಎಂದು ಅಲ್ಲಿ ತೆರೆದು ನೋಡುತ್ತಾಳೆ. ಡಿಸ್ಕನ್ನು ಪರೀಕ್ಷಿಸಬೇಕೆಂದು ಕಂಪ್ಯೂಟರು ಕೇಳಿದರೆ ನಕಲು ತೆಗೆದಿಟ್ಟು, ಎಷ್ಟು ಹೊತ್ತಾದರೂ ಕಾಯುತ್ತಾಳೆ. ಬೆಳಕಿನ ಪಾಠವನ್ನು ರಜೆಯಲ್ಲಿ ಮತ್ತೆ ಬರೆಯಲು ಕುಳಿತಳು. ಇದುವರೆಗೆ ಏಳು ಪುಟ ಆಗಿದೆ. ಮೊದಲಿನಷ್ಟು ಚೆನ್ನಾಗಿಲ್ಲ ಎನ್ನುತ್ತಾಳೆ.