ನಾಲ್ಕನೆಯ ಸ್ಟಡ್

ಮಿಸ್ತ್ರಿಯ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದ ಇತ್ತು. ಉಳಿದ ಉಗುರುಗಳು ಸವೆದು, ಒಡೆದು, ಗ್ರೀಸಿನಲ್ಲಿ ಕಪ್ಪಾಗಿದ್ದವು. ಇದೊಂದನ್ನು ಮಾತ್ರ ಅವರು ಸೀಮೆಎಣ್ಣೆಯಲ್ಲಿ ತೊಳೆದು, ಸಣ್ಣ ಅರದಿಂದ ಉಜ್ಜಿ, ಬಿಳಿಯಾಗಿ ಇಟ್ಟುಕೊಂಡಿದ್ದರು. ಬಲಗೈ ಎಂದು ಬರೆದೆ. ಎಡಗೈಯೂ ಇರಬಹುದು. ಎದುರು ಕುಳಿತು ನೋಡಿದ್ದನ್ನು ನೆನಪು ಅದಲುಬದಲು ಮಾಡಿಬಿಡುತ್ತದೆ. ಉಗುರು ಇದ್ದದ್ದು ಮಾತ್ರ ನಿಜ.

ಈ ವಯಸ್ಸಿನಲ್ಲಿ ಎಂಥ ಶೋಕಿ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ನನ್ನ ಶೋಕಿಯನ್ನು ಹಿಡಿದರು.

ನಾನು ದೇವದುರ್ಗದ ಕಾಲೇಜೊಂದರಲ್ಲಿ ಗ್ರಂಥಪಾಲಕ. ರಾಯಚೂರಿನಿಂದ ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ. ಗೆಳೆಯನೊಬ್ಬ ತನ್ನ ಗಾಡಿ ಮಾರುವಾಗ ಅದರ ಅಲಾಯ್ ಚಕ್ರಗಳನ್ನು ನನಗೆ ಕೊಟ್ಟಿದ್ದ. ಟೈರ್ ಅಂಗಡಿಯವರು ಅವನ್ನು ಹತ್ತು ನಿಮಿಷದಲ್ಲಿ ಕೂರಿಸಿ ಕಳಿಸಿದ್ದರು. ಮರುದಿನ ಬ್ರೇಕು ತೋರಿಸಲು ಮಾನ್ವಿ ರಸ್ತೆಯಲ್ಲಿ ಮಿಸ್ತ್ರಿಯ ತಗಡಿನ ರಿಪೇರಿ ಅಂಗಡಿಗೆ ಹೋದರೆ, ಮಿಸ್ತ್ರಿ ಬ್ರೇಕಿನ ಮಾತೇ ಎತ್ತದೆ ಒಂದು ಚಕ್ರದ ನಟ್ಟನ್ನು ಪಾನಾದಿಂದ ಸಡಿಲಿಸಿ, ಆಮೇಲೆ ಬೆರಳಿನಿಂದಲೇ ತಿರುಗಿಸುತ್ತ ಎಣಿಸಿದರು. ಏಕ್, ದೋ, ತೀನ್, ಚಾರ್. ನಟ್ಟು ಕೈಗೆ ಬಂತು.

“ನಾಕು ಸುತ್ತಿಗಿ ಬಂತು ನೋಡ್ರಿ ಸರ್. ಎಂಟರ ಬೇಕು. ಇಷ್ಟರ ಮ್ಯಾಲ ಜೀವಾ ಇಟ್ಟು ದೇವದುರ್ಗಕ್ಕ ಹೋಗಿ ಬಂದೀರೇನು?”

“ಚಲೋ ಕಾಣ್ತಾವಲ್ರೀ?” ಎಂದೆ.

“ಕಾಣ್ತಾವ. ಯಾರಿಗಿ ತೋರ್ಸಾಕ? ಮನ್ಯಾಗ ಯಾರದಾರ?”

“ಯಾರೂ ಇಲ್ಲ.”

“ನಮ್ಮನ್ಯಾಗೂ ಯಾರಿಲ್ಲ. ಹಂಗಂತ ನನ್ನ ಸೈಕಲ್ಲಿಗಿ ಅಲಾಯ್ ಹಾಕ್ಸೀನೇನು?”

ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು. ಇದೆಲ್ಲ ನಂತರ ತಿಳಿದದ್ದು.

ಚಕ್ರವನ್ನು ಗಾಡಿಗೆ ಹಿಡಿದಿಡುವುದು ಹಬ್ಬಿನಿಂದ, ಅಂದರೆ ಚಕ್ರ ಕೂರುವ ಉಕ್ಕಿನ ತಟ್ಟೆಯಿಂದ, ಹೊರಚಾಚಿದ ನಾಲ್ಕು ಉಕ್ಕಿನ ಮೊಳೆಗಳು. ಅವಕ್ಕೆ ಸ್ಟಡ್ ಎನ್ನುತ್ತಾರೆ. ಅಲಾಯ್ ಚಕ್ರ ದಪ್ಪ, ಗಾಡಿಯ ಜೊತೆ ಬಂದ ಸ್ಟಡ್ ಗಿಡ್ಡ. ನಟ್ಟಿಗೆ ಹಿಡಿಯಲು ಸುತ್ತು ಸಾಲದು. ಮಿಸ್ತ್ರಿ ಹದಿನಾರೂ ಗಿಡ್ಡ ಸ್ಟಡ್‌ಗಳನ್ನು ಹೊಡೆದು ಬೀಳಿಸಿ ಉದ್ದನೆಯವನ್ನು ಹಾಕಿದರು. ಹೊಸದನ್ನು ಹಬ್ಬಿನ ಹಿಂದಿನಿಂದ ತೂರಿಸಿ, ಮುಂದೆ ವಾಷರ್‌ಗಳನ್ನು ಪೇರಿಸಿ, ನಟ್ಟು ತಿರುಗಿಸುತ್ತ ಎಳೆಯಬೇಕು. ಸ್ಟಡ್ಡಿನ ತಲೆ ಹಿಂದೆ ಹಬ್ಬಿಗೆ ಪೂರ್ತಿ ಅಂಟಿಕೊಳ್ಳಬೇಕು. ಅಂಟಿಕೊಂಡಿತೇ ಎಂದು ನೋಡುವುದಕ್ಕೇ ಆ ಉಗುರು. ಕೈಯನ್ನು ಹಬ್ಬಿನ ಹಿಂದೆ ತೂರಿಸಿ, ತಲೆಯ ಸುತ್ತ ಉಗುರು ಆಡಿಸುತ್ತಿದ್ದರು. ಉಗುರು ಎಲ್ಲೂ ಒಳಹೋಗಬಾರದು.

“ಬ್ಯಾಟರಿ ಹಾಕಿ ನೋಡಿದ್ರ ಆಗಂಗಿಲ್ಲೇನ್ರಿ?”

“ಸಂದಿನ್ಯಾಗ ಗ್ರೀಸ್ ತುಂಬಿದ್ರ ಕಣ್ಣಿಗಿ ಎಲ್ಲಾ ಕೂತಂಗೇ ಕಾಣ್ತದ್ರಿ ಸರ್.”

ಅವರ ಇನ್ನೊಂದು ಪದ್ಧತಿ: ಚಕ್ರ ಬಿಚ್ಚಿ ಹಾಕಿದ ಗಾಡಿಯಲ್ಲಿ ಯಾರನ್ನೂ ಒಬ್ಬರನ್ನೇ ಕಳಿಸುತ್ತಿರಲಿಲ್ಲ. ತಾವೇ ಪಕ್ಕದಲ್ಲಿ ಕೂತು ಕುರ್ಡಿ ಕ್ರಾಸಿನವರೆಗೆ ಬರುತ್ತಿದ್ದರು. ಅಲ್ಲಿ ಇಳಿದು, ಹಬ್ಬು ತಣ್ಣಗಾಗುವವರೆಗೆ ರಸ್ತೆ ಬದಿ ಕೂತು, ಮತ್ತೆ ಒಂದೊಂದೇ ನಟ್ಟು ಬಿಗಿದು ವಾಪಸ್. ಕುರ್ಡಿ ಅವರ ಹುಟ್ಟೂರು. ಊರೊಳಗೆ ಹೋಗೋಣವೇ ಎಂದು ಒಮ್ಮೆ ಕೇಳಿದೆ. “ಒಳಗ ಹೋಗಿ ಯಾರ್ನ ಕೇಳ್ಲಿ?” ಎಂದರು. ಆಮೇಲೆ ಕೇಳಲಿಲ್ಲ.

ಅದು ಒಂದು ಸಲಕ್ಕೆ ಮುಗಿಯಬೇಕಿದ್ದ ಕೆಲಸ. ನಾನು ಮುಂದಿನ ಭಾನುವಾರವೂ ಹೋದೆ, ನಟ್ಟು ಸ್ವಲ್ಪ ಸಡಿಲಾದಂತಿದೆ ಎಂದೆ. ಅವರು ಪಾನಾ ತೆಗೆದುಕೊಂಡು ಕಾರಿನಲ್ಲಿ ಕೂತರು. ಮೂರು ನಾಲ್ಕು ವರ್ಷ ಹೀಗೇ ನಡೆಯಿತು. ಚಕ್ರಕ್ಕೆ ಅದರ ಅಗತ್ಯವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ದಾರಿಯಲ್ಲಿ ಮಾತು ಕಡಿಮೆ. ಹತ್ತಿ ಹೊಲಗಳನ್ನು ನೋಡುತ್ತ ಹೋಗುವುದು, ನೋಡುತ್ತ ಬರುವುದು. ಈಗ ಬರೆಯುವಾಗ ಅದನ್ನು ಸ್ನೇಹ ಎಂದು ಕರೆಯುವ ಆಸೆಯಾಗುತ್ತದೆ. ಆಗ ನಾವಿಬ್ಬರೂ ಅದನ್ನು ಏನೂ ಕರೆದಿರಲಿಲ್ಲ.

ಆಮೇಲೆ ಹಿಂದಿನ ಎಡ ಚಕ್ರದ ಬೇರಿಂಗ್ ಹೋಯಿತು. ಹೊಸ ಹಬ್ಬು ಗಿಡ್ಡ ಸ್ಟಡ್‌ಗಳ ಜೊತೆ ಬಂತು. ನಾಲ್ಕು ಉದ್ದನೆಯವನ್ನು ಮತ್ತೆ ಹಾಕಬೇಕಾಯಿತು. ಆ ಹೊತ್ತಿಗೆ ಮಿಸ್ತ್ರಿಯ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು.

“ಸಕ್ಕರಿ ಸರ್. ಗಾಯ ಮಾಯಲಿಲ್ಲ, ದವಾಖಾನ್ಯಾಗ ಉಗುರು ತೆಗದ್ರು. ಉಳದ ಬೆರಳಿಗಿ ಮುಟ್ಟಿದ್ದೇ ತಿಳಿವಲ್ದು.”

ಬಿಸಿಲು ತಗಡನ್ನು ಸುಡುತ್ತಿತ್ತು. ಒಂದೊಂದು ಸ್ಟಡ್ ಎಳೆದಾಗಲೂ ಅವರು ಸ್ಟೂಲಿನ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು. “ಇದೊಂದು ಸರಿ ಬರಲಿಲ್ಲಂದ್ರ ಮುಗೀತು ಸರ್. ಅಂಗಡಿ ಮುಚ್ಚಿ ಮಾನ್ವ್ಯಾಗ ಅಕ್ಕನ ಮನಿ ಕಟ್ಟಿ ಮ್ಯಾಲ ಕೂಡ್ತೀನಿ. ಅಲ್ಲಿ ನನಗ ಕೆಲಸಿಲ್ಲ, ಅವರಿಗಿ ನಂದು ಕೆಲಸಿಲ್ಲ.”

ಇದನ್ನು ಅವರು ಅದೇ ದಿನ ಹೇಳಿದರೇ? ಮುಂಚೆ ಯಾವತ್ತೋ ಹೇಳಿದ್ದನ್ನು ನಾನೇ ತಂದು ಇಲ್ಲಿಗೆ ಜೋಡಿಸಿಕೊಂಡೆನೇ? ನನ್ನ ತಪ್ಪಿಗೆ ಒಂದು ಒಳ್ಳೆಯ ಕಾರಣ ಬೇಕಾಗಿ ಹಾಗೆ ಮಾಡಿದ್ದರೂ ಮಾಡಿರಬಹುದು.

“ನಿಮ್ಮ ಬೆರಳು ಹಾಕಿ ನೋಡ್ರಿ ಸರ್,” ಎಂದರು.

ನಾನು ಮಂಡಿಯೂರಿ ಕೈ ತೂರಿಸಿದೆ. ಮೊದಲನೆಯದರ ಸುತ್ತ ಉಗುರು ಜಾರಿತು. ಎರಡನೆಯದು, ಮೂರನೆಯದು ಹಾಗೇ. ನಾಲ್ಕನೆಯದರ ಒಂದು ಕಡೆ ಉಗುರು ಸಿಕ್ಕಿತು. ಕಾಗದದಷ್ಟು ಸಂದು. ಸಿಕ್ಕಿತೋ, ಸಿಕ್ಕಿದಂತೆ ಆಯಿತೋ ಎಂದು ಇಲ್ಲಿ ಬರೆದು ತಪ್ಪಿಸಿಕೊಳ್ಳಬಹುದು. ಉಳಿದ ನೆನಪುಗಳ ಮೇಲೆ ನನಗೆ ಅನುಮಾನವಿದೆ, ಇದರ ಮೇಲೆ ಇಲ್ಲ. ಸಿಕ್ಕಿತು.

ಅವರು ನನ್ನ ಮುಖ ನೋಡುತ್ತಿದ್ದರು. ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗೆ.

“ಕೂತದೇನ್ರಿ?”

“ಕೂತದ್ರಿ ಮಿಸ್ತ್ರಿ. ನಾಕೂ ಕೂತಾವ.”

“ಹಂಗಾರ ಇನ್ನಾ ಸ್ವಲ್ಪ ದಿನಾ ನಡೀತದ,” ಎಂದು ನಕ್ಕರು. ಆ ದಿನ ಕಾಲು ಬಾತಿದ್ದರಿಂದ ಕುರ್ಡಿ ಕ್ರಾಸಿಗೆ ಬರಲಿಲ್ಲ. ಭಾನುವಾರ ಹೋಗೋಣ, ಅಲ್ಲಿತನಕ ನಿಧಾನ ಹೊಡೀರಿ ಎಂದರು.

ಎರಡನೆಯ ದಿನ ಬೆಳಿಗ್ಗೆ ಮಸರಕಲ್ ಹತ್ತಿರ ಹಿಂದಿನಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ಕಾರು ನಡುಗಿತು. ಗೆಳೆಯರಿಗೆ ಹೇಳುವಾಗ ಚಕ್ರ ಕಳಚಿ ಹೊಲಕ್ಕೆ ಉರುಳಿತು ಎಂದು ಹೇಳಿದ್ದೇನೆ. ಸುಳ್ಳು. ಚಕ್ರ ಕಳಚಲಿಲ್ಲ. ಒಂದು ಸ್ಟಡ್ ಮುರಿದಿತ್ತು, ಉಳಿದ ನಟ್ಟುಗಳು ಬೆರಳಲ್ಲಿ ತಿರುಗುವಷ್ಟು ಸಡಿಲಾಗಿದ್ದವು. ನಾನು ಫೋನು ಮಾಡಿದೆ. ಮಿಸ್ತ್ರಿ ಚೀಲದಲ್ಲಿ ಸಾಮಾನು ಹಾಕಿಕೊಂಡು, ಬಾತ ಕಾಲಿನಲ್ಲಿ, ಬಸ್ಸು ಹಿಡಿದು ಬಂದರು.

ಚಕ್ರ ಬಿಚ್ಚಿ ಹಬ್ಬಿನ ಹಿಂದೆ ಬಹಳ ಹೊತ್ತು ನೋಡಿದರು. ಸರಿಯಾಗಿ ಕೂರದಿದ್ದ ಆ ಒಂದು ಸ್ಟಡ್ ಓಡಾಟದಲ್ಲಿ ಒಳಗೆ ಸರಿದು, ಅದರ ನಟ್ಟು ಸಡಿಲಾಗಿ, ಭಾರವೆಲ್ಲ ಉಳಿದವುಗಳ ಮೇಲೆ ಬಿದ್ದಿತ್ತು. ಅವರಿಗೆ ಅದು ತಿಳಿಯದೆ ಇರಲು ಸಾಧ್ಯವೇ ಇಲ್ಲ. ನೀವು ನೋಡಿದ್ರಲ್ಲ ಸರ್ ಎಂದು ಅವರು ಕೇಳಲಿ ಎಂದು ನಾನು ಕಾದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎನಿಸುತ್ತದೆ.

“ಕೈ ಹೋಯ್ತು ಸರ್ ನಂದು,” ಎಂದರು. “ಎಳದದ್ದು ಸಾಲಲಿಲ್ಲ. ನಿಮ್ಮನ್ನ ಕೊಲ್ಲತಿದ್ದೆ.”

“ಏನೂ ಆಗಿಲ್ಲ ಬಿಡ್ರಿ,” ಎಂದೆ. ನನಗೆ ಹೊಳೆದದ್ದು ಅಷ್ಟೇ.

ಅದೇ ವಾರ ಅಂಗಡಿ ಮುಚ್ಚಿತು. ಸಾಮಾನನ್ನೆಲ್ಲ ಯಾರೋ ಒಯ್ದರು.

ನಿಜ ಹೇಳಿಬಿಡಲೆಂದೇ ಮಾನ್ವಿಗೆ ಹೋದೆ. ಮಿಸ್ತ್ರಿ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಇಬ್ಬರು ಮುದುಕರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. “ನಾ ಹೇಳ್ತಿದ್ನಲ್ಲಾ, ಇವ್ರೇ ಅವ್ರು! ಎಂಟು ಸುತ್ತು, ಎಂಟು ಸುತ್ತು ಅಂತ ಊರಿಗೆಲ್ಲಾ ಹೇಳಿ ಕಡೀಕ ಇವರ ಗಾಡಿಗೇ ಘಾತ ಮಾಡಿದೆ ನೋಡ್ರಿ.” ಮುದುಕರು ನನ್ನನ್ನು ಕನಿಕರದಿಂದ ನೋಡಿದರು. ಆ ಕಥೆಯನ್ನು ಅವರು ಎಷ್ಟೋ ಸಲ ಕೇಳಿದ್ದಂತಿತ್ತು. ಒಳಗಿನಿಂದ ಅಕ್ಕ ಚಹಾ ಕಳಿಸಿದರು. ನಾನು ಕುಡಿದೆ. ಮುದುಕರು ಎದ್ದು ಹೋದಮೇಲೆ ಹೇಳೋಣ ಎಂದು ಕೂತೆ. ಅವರು ಎದ್ದು ಹೋದರು. ಮಿಸ್ತ್ರಿ, “ಗಾಡಿ ಹೆಂಗದ?” ಎಂದರು. “ಚಲೋ ಅದ್ರಿ,” ಎಂದೆ. ಮತ್ತೊಮ್ಮೆ ಹೋದಾಗಲೂ ಇದೇ.

ಅವರು ತೀರಿಕೊಂಡ ಸುದ್ದಿ ನನಗೆ ಮಧ್ಯಾಹ್ನ ಬಂತು. ನಾನು ತಲುಪುವಷ್ಟರಲ್ಲಿ ಗಂಡಸರು ಮಣ್ಣು ಕೊಟ್ಟು ಮರಳುತ್ತಿದ್ದರು. ಬಾಗಿಲ ಪರದೆಯ ಹಿಂದಿನಿಂದ ಅಕ್ಕ ಒಬ್ಬೊಬ್ಬರಿಗೂ ಒಂದೇ ಮಾತು ಕೇಳುತ್ತಿದ್ದರು. ಸತ್ತವನು ಹಗುರಾಗಿ ಹೋಗಲಿ ಎಂದು ಮುಸ್ಲಿಮರ ಮನೆಗಳಲ್ಲಿ ಅವನ ಪರವಾಗಿ ಹಾಗೆ ಕ್ಷಮೆ ಕೇಳುತ್ತಾರೆ. ನನ್ನ ಸರದಿ ಬಂತು.

“ಸಾಬ್, ನಿಮ್ಮ ಗಾಡಿ ಮಾತು ಕಡೀತನಕ ಹೇಳ್ಕೊಂತಿದ್ದ. ನಮ್ ತಮ್ಮಂದು ತಪ್ಪಾಗ್ಯದ. ಮಾಫ್ ಮಾಡಿಬಿಡ್ರಿ.”

ನನ್ನ ಹಿಂದೆ ಇನ್ನೂ ಜನ ನಿಂತಿದ್ದರು.

“ಮಾಡೀನ್ರಿ,” ಎಂದೆ.

“ಮನಸಿನಿಂದ ಮಾಡೀರೇನ್ರಿ?”

“ಹೂಂನ್ರಿ. ಮನಸಿನಿಂದ.”